ಹೆಂಗಸರ ತಂಡ ಮುಚ್ಚಿದ ವರ್ಷ

ನೆಮ್ಮದಿಯಾಗಿ ಅಳೋಣ ಅಂತ ಕೂತಾಗಲೆಲ್ಲ ನನಗೆ ನಗೆಪಾಟಲಿನ ಪ್ರಸಂಗವೇ ಎದುರಾಗುತ್ತೆ. ಲಂಡನ್ನಿನ ಐಸ್ ಹಾಕಿ ಕ್ಲಬ್ ಒಂದರಲ್ಲಿ ಹೆಂಗಸರ ತಂಡದ ಕ್ಯಾಪ್ಟನ್ ಆಗಿದ್ದೆ. ಮೊಣಕಾಲು ಕೈಕೊಟ್ಟ ಮೇಲೆ ಅದೇ ಕ್ಲಬ್ಬಿನ ಚೀಫ್ ಎಕ್ಸಿಕ್ಯೂಟಿವ್ ಆದೆ. ನನ್ನ ತಂಡವನ್ನ ಉಳಿಸಿಕೊಳ್ಳೋದಕ್ಕೇ ಆ ಕುರ್ಚಿ ಹಿಡಿದಿದ್ದು.

೧. ಅವ್ವ ನೋಡಿದ ಮ್ಯಾಚ್

ಆಡೋ ಕಾಲದಲ್ಲಿ ಅವ್ವ ಒಂದೇ ಒಂದು ಮ್ಯಾಚಿಗೆ ಬಂದಿದ್ದಳು. ಎದುರಾಳಿ ಹುಡುಗಿ ನನ್ನನ್ನ ಗೋಡೆಗೆ ಅಪ್ಪಳಿಸಿದಳು. ಅವ್ವ ಅಂಗಣದ ಸುತ್ತಲಿನ ಗಾಜು ಬಡಿದು ರೆಫರಿಗೆ, "ಏನೋ, ಕಣ್ಣ ಇಲ್ಲೇನ ನಿನಗ? ಕೂಸಿನ್ನ ಕೊಲ್ಲಾಕತ್ತಾಳ!" ಅಂತ ಧಾರವಾಡದ ಭಾಷೆಯಲ್ಲೇ ಝಾಡಿಸಿದಳು. ಹೊರಗೆ ಕಳಿಸಿದ್ದು ಅವ್ವನನ್ನ. ಕೆಡವಿದವಳು ಆಡ್ತಾನೇ ಇದ್ದಳು. ಅವತ್ತಿನಿಂದ ಅವ್ವನದು ಒಂದೇ ರಾಗ, "ಸುಡುಗಾಡು ಆಟ, ಬಿಟ್ಟುಬಿಡವಾ."

೨. ಮೀಟಿಂಗು

ಈ ವರ್ಷ ಬೋರ್ಡಿನವರು ಹೆಂಗಸರ ತಂಡ ಮುಚ್ಚೋಣ ಅಂದರು. ಗಂಟಲು ಹರಿಯೋವರೆಗೆ ವಾದ ಮಾಡಿದೆ. ಅಧ್ಯಕ್ಷರು ಕಣ್ಣೊರೆಸಿಕೊಂಡು, "ಎಂಥ ಮಾತಾಡಿದಿರಿ, ಮೈ ಜುಮ್ಮೆಂತು" ಅಂದು, ಮುಚ್ಚೋದಕ್ಕೆ ಕೈ ಎತ್ತಿದರು. ಆಮೇಲೆ ಹತ್ತಿರ ಬಂದು, "ಹುಡುಗಿಯರಿಗೆ ನೀವೇ ಹೇಳಿಬಿಡಿ, ನಿಮ್ಮ ಬಾಯಿಂದ ಬಂದರೆ ಚೆನ್ನಾಗಿರುತ್ತೆ. ಹಾಗೇ ವಾರ್ಷಿಕ ವರದಿಯ ಮುಖಪುಟಕ್ಕೆ ಅವರದೊಂದು ಫೋಟೋ ತೆಗೆಸಿ. ಎಲ್ಲರೂ ನಗ್ತಾ ಇರಲಿ" ಅಂದರು.

೩. ಡ್ರೆಸ್ಸಿಂಗ್ ರೂಮು

ನನ್ನ ಮುಖ ನೋಡಿದ ಗೋಲ್‌ಕೀಪರ್, "ಏನು, ನಿನ್ನನ್ನ ಕಿತ್ತುಹಾಕಿದರಾ?" ಅಂದಳು.

"ನನ್ನನ್ನಲ್ಲ, ನಿಮ್ಮನ್ನ" ಅಂದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದನ್ನೇ ಇನ್ನೊಂದು ಸಲ ಹೇಳಬೇಕಾಯ್ತು.

೪. ಔಷಧಿ

ಅದೇ ವಾರ ಹಳೇ ಮೊಣಕಾಲು ಕುಂಬಳಕಾಯಿಯಷ್ಟು ಊದಿತು. ಅವ್ವ ನನ್ನನ್ನ ಲಂಡನ್ನಿನದೇ ಸಟನ್ ಬಡಾವಣೆಯಲ್ಲಿರೋ ಪರಿಚಯದ ಡಾಕ್ಟರ ಹತ್ತಿರ ಕರಕೊಂಡು ಹೋದಳು. ಅವರು ಮೈಸೂರಿನವರು, ಮಾತು ಬೆಣ್ಣೆ. ಧಾರವಾಡದ ನಮ್ಮ ಅವ್ವ ಏನಿದ್ದರೂ 'ಬರ್ರಿ', 'ಹಾಕ್ರಿ' ಅನ್ನೋಳು.

ಡಾಕ್ಟರು ಕಾಲು ಒತ್ತಿ ನೋಡಿ, "ಆಪರೇಷನ್ ಗೀಪರೇಷನ್ ಏನೂ ಬೇಡಮ್ಮ. ದಿನಾ ಎರಡು ಹೊತ್ತು ಐಸ್ ಹಾಕಿ, ಸಾಕು" ಅಂದರು.

ಅವ್ವನಿಗೆ ಕೇಳಿಸಿದ್ದು ಆಟದ ಹೆಸರು. ಅವಳ ಮುಖ ಸಣ್ಣಗಾಯ್ತು. ನನ್ನ ಕಾಲಿನ ಮೇಲೆ ಕೈ ಇಟ್ಟು ಡಾಕ್ಟರಿಗೆ ಮೆಲ್ಲಗೆ ಹೇಳಿದಳು:

"ಇನ್ನೆಲ್ಲಿ ಆಡ್ತಾಳ್ರೀ ಡಾಕ್ಟ್ರ? ತಂಡಾನ ಮುಚ್ಯಾರ. ಅದೂ ಈಕಿ ಕೈಲೇ ಮುಚ್ಚಿಸ್ಯಾರ."