ವಾಕ್ಯ ಮುಗಿಸದವನ ಹಳೇ ಕಂಪ್ಯೂಟರ್

ನನ್ನ ಹೆಂಡತಿಯ ತಮ್ಮ ಒಂದು ಮಾತು ಶುರು ಮಾಡಿದನೆಂದರೆ, ನಮ್ಮೂರು ಬಸವಕಲ್ಯಾಣ ಬಿಟ್ಟ ಬಸ್ಸು ಹುಮನಾಬಾದ್ ಮುಟ್ಟಿರುತ್ತದೆ; ಅವನ ವಾಕ್ಯ ಮಾತ್ರ ಇನ್ನೂ ಕ್ರಿಯಾಪದ ಮುಟ್ಟಿರುವುದಿಲ್ಲ. ತೊದಲುತ್ತಾನೆಯೇ? ಇಲ್ಲ. ನಿಧಾನ, ಅಷ್ಟೇ. ಸಂತೆಯಲ್ಲಿ ಬದನೆಕಾಯಿ ಆರಿಸಿದಂತೆ ಒಂದೊಂದು ಶಬ್ದವನ್ನೂ ತಿರುವಿ ನೋಡಿ ಇಡುತ್ತಾನೆ. ಗಡಿಯಾರ ನೋಡಿ ಏಳುವ, ಗಡಿಯಾರ ನೋಡಿ ಉಣ್ಣುವ ನನ್ನಂಥವನ ಗತಿ ಏನಾಗಬೇಕು! ಹಾಗಾಗಿ ಅವನ ವಾಕ್ಯಗಳನ್ನು ನಾನೇ ಮುಗಿಸಿಬಿಡುತ್ತೇನೆ.

ಇಂಥವನು ಮೊನ್ನೆ ಹುಮನಾಬಾದಿನಿಂದ ಟೆಂಪೋದಲ್ಲಿ, ಉಳ್ಳಾಗಡ್ಡಿ ಚೀಲಗಳ ನಡುವೆ, ಒಂದು ಹಳೇ ಕಂಪ್ಯೂಟರ್ ಹೇರಿಕೊಂಡು ನಮ್ಮ ಮನೆಗೆ ಬಂದ. ಮುಚ್ಚಿಹೋದ ಯಾವುದೋ ಕಚೇರಿಯ ಸರಕು. ಕಬ್ಬಿಣದ ಟ್ರಂಕಿನಷ್ಟು ದೊಡ್ಡದು. ಅವನ ಮನೆಯಲ್ಲಿ ಮಂಚದ ಕೆಳಗೆ, ಜೋಳದ ಚೀಲದ ಮೇಲೆ ಆಗಲೇ ಇಂಥವೇ ತುಂಬಿವೆ. ಇನ್ನೊಂದು ತಂದರೆ ನೀವೂ ಅದರ ಜೊತೆ ಹೊರಗೇ ಎಂದಿದ್ದಳಂತೆ ಅವನ ಹೆಂಡತಿ.

“ಏನೋ ಇದು? ಏನು ತರಾಕತ್ತೀ?”

“ಭಾವಾ, ದುನಿಯಾದಾಗ ಇಂಥಾ ಹಳೇ ಮಷೀನ್ ಇಟ್ಟಕೊಂಡವರದು... ಒಂದು...”

“ಹುಚ್ಚರ ಸಂಘ ಅದ. ತಿಳೀತು.”

ನಿಜವಾಗಿಯೂ ಇದೆಯಂತೆ. ಗುಜರಿಗೆ ಹೋಗಬೇಕಾದ ಯಂತ್ರಗಳನ್ನು ದೇಶದೇಶಗಳ ಹವ್ಯಾಸಿಗಳು ಇಂಟರ್‌ನೆಟ್ ಮೂಲಕ ಒಂದಕ್ಕೊಂದು ಜೋಡಿಸಿ, ಅವುಗಳಲ್ಲೇ ಪತ್ರ ಬರೆದುಕೊಳ್ಳುತ್ತಾರಂತೆ. ಅಂಗೈಯಲ್ಲಿ ಮೊಬೈಲ್ ಇರುವಾಗ! ಆ ಬಳಗಕ್ಕೆ ಸೇರಬೇಕೆಂದು ಇವನಿಗೆ ಎಷ್ಟೋ ವರ್ಷಗಳ ಆಸೆ.

ನಡುಮನೆಯಲ್ಲಿ ನನ್ನ ಆರಾಮ ಕುರ್ಚಿಯ ಜಾಗ ಹೋಯಿತು. ಹೊಸ ಸಾಮಾನು ಬಂತೆಂದು ಹೆಂಡತಿ ಅದಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ, ಊದಿನಕಡ್ಡಿ ನಿಲ್ಲಿಸಲು ಸಂದಿ ಹುಡುಕಿ, ಫ್ಲಾಪಿ ಹಾಕುವ ಬಾಯಿಯಲ್ಲೇ ಸಿಗಿಸಿದಳು.

“ಭಾವಾ, ಅಕ್ಕ ಅದರಾಗ ಊದಿನಕಡ್ಡಿ...”

“ಹಚ್ಯಾಳ. ಹಚ್ಚಲಿ ಬಿಡೋ, ದೇವರ ಕೆಲಸ.”

“ಅಲ್ರಿ, ಅದು... ಒಳಗ...”

“ಒಳಗ ಚಲೋ ವಾಸನಿ ಬರ್ತದ.”

“ತೆಗೀರಿ” ಎಂಬ ಕೊನೆಯ ಶಬ್ದ ಅವನ ಬಾಯಿಂದ ಬೀಳುವಷ್ಟರಲ್ಲಿ ಕಡ್ಡಿ ಪೂರ್ತಿ ಉರಿದು, ಬೂದಿ ಯಂತ್ರದ ಹೊಟ್ಟೆ ಸೇರಿತ್ತು. ತೆಗೆಯಲೆಂದು ಅದನ್ನು ಬಿಚ್ಚಿದ. ಬಿಚ್ಚಿದ್ದನ್ನೆಲ್ಲ ನಡುಮನೆ ತುಂಬ ಹರವಿದ. ನನ್ನ ಚಹಾದ ಬಸಿಯಲ್ಲಿ ಸ್ಕ್ರೂಗಳು! ತಪ್ಪು ಯಾರದು? ಲಗೂ ಹೇಳದವನದೇ.

“ಐತವಾರದೊಳಗ ಇದು ಜೋಡಣಿ ಆಗಲಿಲ್ಲಂದ್ರ, ಸೋಮವಾರ ಗುಜರಿಯವಗ ಕೊಡ್ತೀನಿ ನೋಡು” ಎಂದೆ.

ಅವನು ಬಿಳುಚಿಕೊಂಡು ಅಕ್ಕನ ಕಡೆ ನೋಡಿದ.

“ಕೊಟ್ಟೇ ಕೊಡ್ತಾರಪ್ಪ” ಎಂದಳು ಅವಳು. “ನನ್ನ ಹೊಲಿಗಿ ಮಷೀನೂ ಹಂಗೇ ಹೋತು.”

ಅಂದಿನಿಂದ ಅವನು ಉಂಡದ್ದೂ ಆ ಯಂತ್ರದ ಮುಂದೆಯೇ.

ಭಾನುವಾರ ನಾನು ಪೂಜೆ ಮುಗಿಸಿ ಬಂದರೆ, ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡುತ್ತಿದ್ದವು. ಜೋಡಣೆಯಾಗಿತ್ತು. ಸಮುದ್ರದಾಚೆಯ ಯಾರೋ ಒಬ್ಬರು, ನಿಮ್ಮ ಕಡೆ ಊರು ಹೇಗಿರುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಇವನು ಒಂದೇ ಬೆರಳಿನಿಂದ ಒಂದಕ್ಷರ ಒತ್ತಿ, ಯೋಚಿಸಿ, ಇನ್ನೊಂದು ಒತ್ತುತ್ತಿದ್ದ. ನನಗೆ ತಡೆಯಲಾಗಲಿಲ್ಲ. “ಸರಿ ಆಕಡೆ, ನಾ ಬರೀತೀನಿ” ಎಂದು ಕೀಲಿಮಣೆಗೆ ಕೈ ಹಾಕಿದೆ.

ಅವನು ನನ್ನ ಕೈ ಹಿಡಿದ. ಇಷ್ಟು ವರ್ಷಗಳಲ್ಲಿ ಮೊದಲ ಸಲ.

“ಭಾವಾ, ಬ್ಯಾಡ್ರಿ. ಇಲ್ಲಿ... ನಂದು ಮುಗಿಯೋ ತನಕ... ಎಲ್ಲಾರೂ... ಕಾಯ್ತಾರ.”

ಆ ಕೊನೆಯ ಶಬ್ದ ಬರುವ ಮುನ್ನ ನನ್ನ ನಾಲಿಗೆಯ ತುದಿಗೆ ಬೇರೆ ಏನೇನೋ ಶಬ್ದಗಳು ಬಂದಿದ್ದವು. ಹೇಗೋ ನುಂಗಿಕೊಂಡೆ. ಸ್ಟೂಲು ಎಳೆದು ಅವನ ಪಕ್ಕದಲ್ಲಿ ಕುಳಿತೆ. ನಮ್ಮೂರ ಕೋಟೆಯ ಬಗ್ಗೆ ಬರೆಯುತ್ತಿದ್ದ. ಇನ್ನೂ ಬಾಗಿಲು ಕೂಡ ದಾಟಿರಲಿಲ್ಲ. ದಾಟಲಿ ಎಂದು ಕಾದೆ.