ಮೂರು ಆಂಪಿಯರ್ ಮನೆಗೆ ಮಹಾಯಂತ್ರ

ಮಿಸ್ಬಾಹ್‌ನ ತಲೆಗೆ ಒಳ್ಳೆಯ ಯೋಚನೆ ಹೊಳೆದಾಗಲೆಲ್ಲ ಅವನ ಹೆಂಡತಿ ನೆಹ್ಮತ್ ಮೊದಲು ಒಂದು ಕುರ್ಚಿ ಹುಡುಕಿ ಕೂತುಬಿಡುತ್ತಿದ್ದಳು. ನಿಂತು ಕೇಳುವ ತ್ರಾಣ ಮದುವೆಯಾದ ಐದನೇ ವರ್ಷಕ್ಕೇ ಮುಗಿದಿತ್ತು. ಈಗ ಇಪ್ಪತ್ತಮೂರನೇ ವರ್ಷ.

ಈ ಸಲದ ಯೋಚನೆ ಕಂಪ್ಯೂಟರಿನದು. ಮಗಳು ಹಿಬಾಳಿಗೆ ನರ್ಸಿಂಗ್ ಕಾಲೇಜಿನ ಉಚಿತ ಸೀಟಿನ ಪರೀಕ್ಷೆಯಿತ್ತು. ಗುರುವಾರ ನಾಲ್ಕು ಗಂಟೆಯಿಂದ ಆರರವರೆಗೆ, ಮನೆಯಲ್ಲೇ ಕೂತು, ಕಂಪ್ಯೂಟರಿನಲ್ಲಿ. ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಸಂಪರ್ಕ ತಪ್ಪಿದರೆ ಪರೀಕ್ಷೆಯ ಬಾಗಿಲು ಮುಚ್ಚಿಹೋಗುತ್ತದೆ. ಮತ್ತೆ ತೆರೆಯುವುದು ಮುಂದಿನ ವರ್ಷ. ಹುಡುಗಿ ಆರು ತಿಂಗಳಿಂದ ಮೂಳೆಗಳ ಹೆಸರನ್ನು ಜಪ ಮಾಡುತ್ತಿದ್ದಳು. ಅಪ್ಪನಿಗೆ ಅನ್ನ ಬಡಿಸುವಾಗಲೂ ಅವನ ಮಣಿಕಟ್ಟಿನ ಎಂಟು ಮೂಳೆಗಳನ್ನು ಎಣಿಸಿಯೇ ಕೈಗೆ ತಟ್ಟೆ ಕೊಡುತ್ತಿದ್ದಳು.

ನೆಹ್ಮತ್ ಹೊಲಿಗೆಯಿಂದ ಕೂಡಿಟ್ಟ ಇನ್ನೂರ ನಲವತ್ತು ಡಾಲರ್ ಇತ್ತು. ಅವರಿವರನ್ನು ಕೇಳಿ, ಕೇಳಿದ್ದನ್ನು ಮತ್ತೆ ಇನ್ನೊಬ್ಬರ ಹತ್ತಿರ ಕೇಳಿ ಅವಳು ಒಂದು ಪಟ್ಟಿ ಬರೆದಿದ್ದಳು: ಒಬ್ಬರು ಬಳಸಿದ, ಬ್ಯಾಟರಿ ಗಟ್ಟಿಯಿರುವ ಲ್ಯಾಪ್‌ಟಾಪ್ ಒಂದು. ಇಂಟರ್ನೆಟ್ ಡಬ್ಬಿಗೆ ಪುಟ್ಟ ಬ್ಯಾಟರಿ ಒಂದು. ಮಿಕ್ಕರೆ ಒಂದು ಟ್ಯಾಬ್.

"ಏ ಮಾರಾಯ್ತಿ, ಇದೇನು ಚಿಲ್ಲರೆ ವ್ಯಾಪಾರ!" ಎಂದ ಮಿಸ್ಬಾಹ್. ತ್ರಿಪೋಲಿಯ ಬಂದರು ಕೇರಿಯ ಸಿಹಿ ಅಂಗಡಿಯೊಂದರಲ್ಲಿ ಅವನು ಮೂವತ್ತು ವರ್ಷದಿಂದ ಕುನಾಫಾ ಎಂಬ ಪಾಕದ ಸಿಹಿಯನ್ನು ದೊಡ್ಡ ತಟ್ಟೆಯಲ್ಲಿ ಬೇಯಿಸುವವನು. ಲೋಕದ ಸಮಸ್ತ ಪ್ರಶ್ನೆಗಳಿಗೂ ಅವನ ಉತ್ತರ ಆ ದೊಡ್ಡ ತಟ್ಟೆಯಿಂದಲೇ ಹೊರಡುತ್ತಿತ್ತು. "ಇನ್ನೂರು ಜನಕ್ಕೆ ಕುನಾಫಾ ಬೇಕು ಅಂದ್ರೆ ಇನ್ನೂರು ಬಟ್ಟಲು ಇಟ್ಟು ಇನ್ನೂರು ಒಲೆ ಹಚ್ತೀವಾ? ಒಂದೇ ತಟ್ಟೆ! ಗಾಡಿ ಚಕ್ರದಷ್ಟು ದೊಡ್ಡದು! ಊರೆಲ್ಲ ತಿನ್ನುತ್ತೆ."

"ಕಂಪ್ಯೂಟರನ್ನ ಪಾಕಕ್ಕೆ ಅದ್ದಿ ತಿನ್ನೋಕಾಗಲ್ಲ ರೀ. ಪಟ್ಟೀಲಿ ಇದ್ದಿದ್ದು ತನ್ನಿ, ಸಾಕು."

"ತರ್ತೀನಿ, ತರ್ತೀನಿ. ನಿನ್ನ ಪಟ್ಟಿ ನನ್ನ ತಲೆ ಮೇಲೆ."

ಭಾನುವಾರ ಪಟ್ಟಿಯನ್ನೂ ದುಡ್ಡನ್ನೂ ಒಂದೇ ಜೇಬಿನಲ್ಲಿಟ್ಟುಕೊಂಡು ಹೋದ. ಸಂಜೆ ತಿರುಗಿ ಬಂದಾಗ ಅವನ ಹಿಂದೆ ಇಬ್ಬರು ಹಮಾಲರು, ತೊಂಬತ್ತು ಮೆಟ್ಟಿಲು ಹತ್ತಿ, ನಾಲಿಗೆ ಹೊರಗೆ ಹಾಕಿಕೊಂಡು ನಿಂತಿದ್ದರು. (ಲಿಫ್ಟು ಇತ್ತು. ಅದರೊಳಗೆ ಈಗ ಮೂರನೇ ಮಹಡಿಯವರು ಈರುಳ್ಳಿ ಇಡುತ್ತಾರೆ.)

ಬಂದದ್ದು ಯಂತ್ರವಲ್ಲ, ಯಂತ್ರರಾಜ. ಆಳೆತ್ತರವಲ್ಲದಿದ್ದರೂ ಕೂತ ಆಳಿನ ಎತ್ತರದ ಕಪ್ಪು ಪೆಟ್ಟಿಗೆ, ಪಕ್ಕದಲ್ಲಿ ಗಾಜು, ಗಾಜಿನೊಳಗೆ ಮದುವೆ ಮಂಟಪದ ಹಾಗೆ ನೀಲಿ ದೀಪ, ತಂಪಿಗೆಂದು ಗಿರಗಿರ ತಿರುಗುವ ನಾಲ್ಕು ಫ್ಯಾನು. ಪರದೆಯಂತೂ ಕಿಟಕಿಗಿಂತ ದೊಡ್ಡದು.

"ನನ್ನ ಪಟ್ಟಿ ಎಲ್ಲಿ?" ಎಂದಳು ನೆಹ್ಮತ್, ಕುರ್ಚಿ ಎಳೆದುಕೊಂಡು.

"ಜೇಬಲ್ಲೇ ಇದೆ. ಒಂದು ಮಡಿಕೆ ಕೂಡ ಕೆಟ್ಟಿಲ್ಲ ನೋಡು."

ಕಟ್ಟಡದವರೆಲ್ಲ ಬಂದು ನೋಡಿದರು. ಎರಡನೇ ಮಹಡಿಯ ಉಮ್ ಬಿಲಾಲ್ ದೃಷ್ಟಿಯಾಗದಿರಲೆಂದು ದೇವರ ಹೆಸರು ಹೇಳಿ ಪೆಟ್ಟಿಗೆಯ ನೆತ್ತಿ ಸವರಿದಳು. ಮಿಸ್ಬಾಹ್ ಎದೆಯುಬ್ಬಿಸಿ ಗುಂಡಿ ಒತ್ತಿದ. ನೀಲಿ ದೀಪ ಹತ್ತಿತು, ನಾಲ್ಕು ಫ್ಯಾನು ಗುಂಯ್‌ಗುಟ್ಟಿದವು, ಅದೇ ಗಳಿಗೆಗೆ ಅಡುಗೆಮನೆಯ ಫ್ರಿಜ್ಜು ಒಮ್ಮೆ ನಡುಗಿತು. ಟಪ್. ಮನೆಯೆಲ್ಲ ಕತ್ತಲು.

ಸರ್ಕಾರದ ಕರೆಂಟು ಆ ಊರಿನಲ್ಲಿ ದೂರದ ನೆಂಟನಿದ್ದ ಹಾಗೆ, ಬಂದರೆ ಬಂದ. ಮಿಕ್ಕ ಹೊತ್ತೆಲ್ಲ ಬೀದಿಯ ಜನರೇಟರಿನವನು ಕೊಡುವುದೇ ಗತಿ. ಅವನಿಗೆ ಎಷ್ಟು ಆಂಪಿಯರ್‌ಗೆ ದುಡ್ಡು ಕಟ್ಟಿದ್ದೀರೋ ಅಷ್ಟೇ. ಮಿಸ್ಬಾಹ್ ಕಟ್ಟುತ್ತಿದ್ದದ್ದು ಮೂರಕ್ಕೆ. ಮೂರರ ಮೇಲೆ ಒಂದು ಚೂರು ಹೆಚ್ಚು ಎಳೆದರೂ ಕೆಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿರುವ ನಿಮ್ಮ ಮನೆಯ ಸ್ವಿಚ್ಚಿನ ಗುಬುಟು ಟಪ್ಪೆಂದು ಬಿದ್ದು ಕರೆಂಟು ಕಡಿದುಹೋಗುತ್ತದೆ. ಅದನ್ನು ಎತ್ತಲು ಯಾರಾದರೂ ತೊಂಬತ್ತು ಮೆಟ್ಟಿಲು ಇಳಿಯಬೇಕು. ಆಮೇಲೆ ಹತ್ತಬೇಕು. ಬಂದರು ಕೇರಿಯಲ್ಲಿ ಹಾಲು ಕುಡಿಯುವ ಮಗುವಿಗೂ ಫ್ರಿಜ್ಜಿಗೆ ಎಷ್ಟು, ಫ್ಯಾನಿಗೆ ಎಷ್ಟು ಎಂಬ ಲೆಕ್ಕ ಗೊತ್ತು. ಮಿಸ್ಬಾಹ್‌ಗೂ ಗೊತ್ತಿತ್ತು. ನೀಲಿ ದೀಪ ಕಂಡ ಕೂಡಲೇ ಮರೆತುಹೋಗಿತ್ತು, ಅಷ್ಟೇ.

ಸೋಮವಾರ ಅಡುಗೆಮನೆಯ ಗೋಡೆಯ ಮೇಲೆ ಆಂಪಿಯರ್ ವಿನಿಯೋಗದ ರಾಜಶಾಸನ ಕಾಣಿಸಿಕೊಂಡಿತು. ಯಂತ್ರರಾಜ ಎದ್ದಿರುವಾಗ ಫ್ರಿಜ್ಜು ಮಲಗತಕ್ಕದ್ದು. ಫ್ಯಾನು ಒಂದೇ. ನೀರಿನ ಪಂಪು ನಿಷಿದ್ಧ. ನೆಹ್ಮತ್ ಓದಿ ಮುಗಿಸಿ, "ಉಸಿರಾಡೋದಕ್ಕೆ ಎಷ್ಟು ಆಂಪಿಯರ್ ಬರೆದಿಲ್ಲವಲ್ಲ," ಎಂದಳು.

ಮಂಗಳವಾರ ಹಿಬಾ ಮಾದರಿ ಪರೀಕ್ಷೆಗೆ ಕೂತಳು. ಫ್ರಿಜ್ಜು ಮಲಗಿತ್ತು, ಪಂಪು ಮಲಗಿತ್ತು. ಮೂವತ್ತೇಳನೇ ಪ್ರಶ್ನೆಯಲ್ಲಿ, ಯಾರೂ ಏನೂ ಮಾಡದೆಯೇ, ಟಪ್. ಮಿಸ್ಬಾಹ್ ಚಪ್ಪಲಿ ಹಾಕದೆ ಓಡಿದ. ಅವನು ಇಳಿದು, ಗುಬುಟು ಎತ್ತಿ, ಹತ್ತಿ ಬರುವ ಹೊತ್ತಿಗೆ ಒಂಬತ್ತು ನಿಮಿಷ. ಹಿಬಾ ಕಪ್ಪು ಪರದೆಯ ಮುಂದೆ ಕೈಕಟ್ಟಿ ಕೂತೇ ಇದ್ದಳು. ಬೈಯಲಿಲ್ಲ, ಅಳಲಿಲ್ಲ. "ಪರವಾಗಿಲ್ಲಪ್ಪ, ಇದು ಮಾದರಿ ತಾನೆ," ಎಂದಳು.

ಆ 'ಪರವಾಗಿಲ್ಲ' ಮಿಸ್ಬಾಹ್‌ನ ಎದೆಗೆ ಚುಚ್ಚಿತು. ಬುಧವಾರ ಅಂಗಡಿಯಲ್ಲಿ ಮೂವತ್ತು ವರ್ಷದಲ್ಲಿ ಮೊದಲ ಸಲ ಒಂದು ತಟ್ಟೆ ಕುನಾಫಾ ಸೀದುಹೋಯಿತು. ಆ ಹೊಗೆಯಲ್ಲೇ ಅವನಿಗೆ ಎರಡನೇ ಯೋಚನೆ ಹೊಳೆಯಿತು.

"ನಾಳೆ ಗುಬುಟಿನ ಪೆಟ್ಟಿಗೆ ಮುಂದೆ ಕುರ್ಚಿ ಹಾಕ್ಕೊಂಡು ನಾನೇ ಕೂರ್ತೀನಿ," ಎಂದ ಮನೆಗೆ ಬಂದು. "ಬೀಳೋದೇ ತಡ, ಎತ್ತಿಬಿಡ್ತೀನಿ. ಐದು ನಿಮಿಷ ಹಾಗಿರಲಿ, ಐದು ಸೆಕೆಂಡ್ ಆಗಲ್ಲ. ಯಂತ್ರ ಮತ್ತೆ ಏಳೋಕೆ ಎರಡು ನಿಮಿಷ. ನಮ್ಮ ಹುಡುಗಿ ಸೀಟು ಎಲ್ಲೂ ಹೋಗಲ್ಲ."

ನೆಹ್ಮತ್ ಅವನ ಯೋಚನೆಗೆ ಕುರ್ಚಿ ಹುಡುಕದೆ ನಿಂತೇ ಒಪ್ಪಿದ್ದು ಅಂದು ಮೊದಲ ಸಲ. "ಎಷ್ಟು ಹೊತ್ತಿಗೆ ಇಳೀತೀರಿ?"

"ಮೂರೂವರೆಗೆ."

"ಎರಡೂವರೆಗೇ ಇಳೀರಿ. ಜಾಗ ಅಭ್ಯಾಸ ಆಗಲಿ."

ಎಂಥ ಹೆಂಡತಿ ಕೊಟ್ಟೆಯಪ್ಪಾ ದೇವರೇ ಎಂದು ಮಿಸ್ಬಾಹ್ ಮನಸ್ಸಿನಲ್ಲೇ ಕೈಮುಗಿದ.

ಗುರುವಾರ ಎರಡೂವರೆಗೆ ಗುಬುಟು ಮಹಾಮಂಡಲಾಧೀಶ್ವರನಾಗಿ ಅವನು ಸಿಂಹಾಸನಾರೂಢನಾದ. ಕಬ್ಬಿಣದ ಪೆಟ್ಟಿಗೆಯಲ್ಲಿ ಹನ್ನೆರಡು ಗುಬುಟು, ಒಂದೊಂದರ ಕೆಳಗೆ ಒಂದೊಂದು ಮನೆಯ ಹೆಸರು. ಮೂರು ಗಂಟೆಗೆ ಮೀಸೆಯ ಹಮಾಲನೊಬ್ಬ ಚೀಲ ಹೊತ್ತು ಮೆಟ್ಟಿಲು ಹತ್ತಿದ. ಸ್ವಲ್ಪ ಹೊತ್ತಿಗೆ ಗೋಣಿ ಸುತ್ತಿದ ಭಾರೀ ಸಾಮಾನೊಂದನ್ನು ತಬ್ಬಿಕೊಂಡು ಇಳಿದ. ಆಮೇಲೆ ಇನ್ನೊಮ್ಮೆ ಹತ್ತಿ ಅಗಲವಾದದ್ದೊಂದನ್ನು ಹೊತ್ತು ತಂದ. ಮೆಟ್ಟಿಲು ಕತ್ತಲು. ಪಾಪ ಎನಿಸಿ ಮಿಸ್ಬಾಹ್ ತಾನೇ ಎದ್ದು ಮೊಬೈಲಿನ ಬೆಳಕು ಹಿಡಿದ.

"ಎಡಕ್ಕೆ, ಎಡಕ್ಕೆ ತಿರುಗಿಸು ತಮ್ಮಾ, ಗೋಡೆಗೆ ತಾಗುತ್ತೆ! ಏನಪ್ಪಾ ಇದು, ಈ ಪಾಟಿ ಭಾರ?"

"ಯಾರಿಗೋ ಬೇಡವಾದ ಸಾಮಾನು, ಯಜಮಾನ್ರೇ."

"ತಗೊಳ್ಳೋವಾಗ ನೋಡಿ ತಗೋಬಾರದಾ ಜನ? ದುಡ್ಡು ದಂಡ!" ಎನ್ನುತ್ತ ಮಿಸ್ಬಾಹ್ ಬೀದಿ ಬಾಗಿಲನ್ನೂ ತೆರೆದು ಹಿಡಿದ.

ನಾಲ್ಕಾಯಿತು. ಅವನ ಕಣ್ಣು ತನ್ನ ಗುಬುಟಿನ ಮೇಲೆ ನೆಟ್ಟಿತು. ನಾಲ್ಕೂ ಇಪ್ಪತ್ತಕ್ಕೆ ಟಪ್. ಬಿದ್ದ ಸದ್ದು ಮುಗಿಯುವ ಮೊದಲೇ ಅವನ ಹೆಬ್ಬೆರಳು ಅದನ್ನು ಎತ್ತಿತ್ತು. ಬೆವರು ಕಿತ್ತು ಬಂತು. ಐದಕ್ಕೆ ಇನ್ನೊಮ್ಮೆ. ಐದೂಕಾಲಿಗೆ ಮತ್ತೊಮ್ಮೆ. ಪ್ರತಿ ಸಲವೂ 'ಇಗೋ ಮಗಳೇ, ಇಗೋ' ಎಂದು ಗುಬುಟಿಗೇ ಹೇಳಿದ. ನಡುನಡುವೆ ಬೇರೆ ಮನೆಯವರದೂ ಬೀಳುತ್ತಿತ್ತು. ಕೈ ಹೇಗೂ ಅಲ್ಲೇ ಇತ್ತು, ಅವನ್ನೂ ಎತ್ತಿದ. ಮೇಲಿಂದ ಯಾವುದೋ ಕಿಟಕಿಯಿಂದ "ದೇವರು ನಿನ್ನ ಕೈ ಕಾಯಲಿ ಅಬು ಹಿಬಾ!" ಎಂಬ ಕೂಗು ಬಂತು. (ಹಿಬಾಳ ಅಪ್ಪನೆಂದು ಕೇರಿಯವರು ಅವನನ್ನು ಕರೆಯುವುದೇ ಹಾಗೆ.) ಉಮ್ ಬಿಲಾಲ್ ಏಲಕ್ಕಿ ಹಾಕಿದ ಕಾಫಿ ಇಳಿಸಿ ಕಳಿಸಿದಳು, ಬುಟ್ಟಿಗೆ ಹಗ್ಗ ಕಟ್ಟಿ.

ಆರು ಹೊಡೆದ ಮೇಲೆ ತೊಂಬತ್ತು ಮೆಟ್ಟಿಲನ್ನು ಅವನು ವಿಜಯೋತ್ಸವದ ಮೆರವಣಿಗೆಯಂತೆ ಹತ್ತಿದ. ಬಾಗಿಲಲ್ಲೇ ಹಿಬಾ ಬಂದು ಅವನ ಕೈಗೆ ಮುತ್ತಿಟ್ಟಳು.

"ಅಪ್ಪಾ, ನೂರಿಪ್ಪತ್ತಕ್ಕೆ ನೂರ ಹನ್ನೊಂದು! ಆಗಲೇ ತೋರಿಸ್ತು. ಸೀಟು ಸಿಕ್ಕಿತು! ಒಂದೇ ಒಂದು ಸಲಾನೂ ಆರಿಹೋಗಲಿಲ್ಲ."

ಮಿಸ್ಬಾಹ್‌ನ ಕಣ್ಣು ತುಂಬಿತು. ದೇವರಿಗೆ ಸ್ತೋತ್ರ ಹೇಳುತ್ತ ಹೇಳುತ್ತ ಅರ್ಧಕ್ಕೆ ನಿಂತ. "ಆರಿಹೋಗಲಿಲ್ಲವಾ? ಮೂರು ಸಲ ಬಿತ್ತಲ್ಲೇ!"

ಆಗ ಮೇಜು ನೋಡಿದ. ಯಂತ್ರರಾಜ ಇರಲಿಲ್ಲ. ಅಲ್ಲಿದ್ದದ್ದು ಮೂಲೆ ಸವೆದ ಒಂದು ಲ್ಯಾಪ್‌ಟಾಪು, ಇಂಟರ್ನೆಟ್ ಡಬ್ಬಿಯ ಪಕ್ಕದಲ್ಲಿ ಸೋಪಿನಷ್ಟು ದೊಡ್ಡ ಒಂದು ಬ್ಯಾಟರಿ. ಗೋಣಿ, ಮೀಸೆ, 'ಎಡಕ್ಕೆ ತಿರುಗಿಸು ತಮ್ಮಾ', ಎಲ್ಲ ಒಟ್ಟಿಗೆ ಅವನ ತಲೆಯೊಳಗೆ ಬೆಳಗಿತು.

"ಅಂಗಡಿಯವನೇ ವಾಪಸ್ ತಗೊಂಡ ರೀ," ಎಂದಳು ನೆಹ್ಮತ್ ಮೆತ್ತಗೆ. "ನಿನ್ನೆ ಹೋಗಿ ಕೇಳಿದೆ. ಹತ್ತು ಆಂಪಿಯರ್ ಇರೋರು ಯಾರೋ ಅದಕ್ಕೇ ಕಾಯ್ತಿದ್ರಂತೆ. ಪಟ್ಟೀಲಿದ್ದಿದ್ದೆಲ್ಲ ಬಂತು."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಮನೇಲೇ ಇರ್ತಿದ್ರಿ. ಹಿಂದಿನ ಪರೀಕ್ಷೇಲಿ ಶಾಲೆ ಕಾಂಪೌಂಡಿನ ಆಚೆಯಿಂದ 'ಉಸಿರು ಬಿಡು ಮಗಳೇ' ಅಂತ ನೀವು ಕೂಗಿದ್ದಕ್ಕೆ ಇಡೀ ತರಗತಿ ಉಸಿರು ಬಿಡಲಿಲ್ವಾ? ಇವತ್ತು ನೀವು ಕೆಳಗಿದ್ದಿದ್ದೇ ದೊಡ್ಡ ಉಪಕಾರ."

"ಹಾಗಾದ್ರೆ ಮೂರು ಸಲ ಬೀಳಿಸಿದ್ದು ಯಾರು?"

ನೆಹ್ಮತ್ ಬಾಲ್ಕನಿಯ ಬಾಗಿಲು ತೆರೆದಳು. ಹಾಸಿಗೆ ಹೊದಿಕೆಗಳು, ಪರದೆಗಳು, ದಿಂಬುಗಳು, ಅವನ ಚಳಿಗಾಲದ ಕೋಟು, ಐದು ಹಗ್ಗದ ತುಂಬ ನೀರು ತೊಟ್ಟಿಕ್ಕುತ್ತಿದ್ದವು.

"ಬಟ್ಟೆ ಒಗೆಯೋ ಯಂತ್ರ," ಎಂದಳು. ಅವಳ ದನಿಯಲ್ಲಿ ಚೂರೂ ಕುಹಕವಿರಲಿಲ್ಲ, ನಿಜವಾದ ಕೃತಜ್ಞತೆಯಿತ್ತು. "ನಾಲ್ಕು ವರ್ಷ ಆಗಿತ್ತು ರೀ ಹೀಗೆ ಮನಸಾರೆ ಒಗೆದು! ಬಿದ್ದರೆ ಅಯ್ಯೋ ಅನ್ನೋದಕ್ಕೆ ಮೊದಲೇ ಎದ್ದಿರುತ್ತೆ. ಉಮ್ ಬಿಲಾಲ್ ಆರು ಕಿಲೋ ಕಡಲೆ ರುಬ್ಬಿಕೊಂಡ್ಲಂತೆ. ಮೂರನೇ ಮಹಡಿ ಮುದುಕರು ಒಂದು ಇಡೀ ಸಿನಿಮಾ ನೋಡಿದ್ರಂತೆ, ಕೊನೇವರೆಗೂ. ಯಾರು ಸತ್ತರು ಅಂತ ಜೀವನದಲ್ಲಿ ಮೊದಲ ಸಲ ಗೊತ್ತಾಯ್ತಂತೆ."

ಮಿಸ್ಬಾಹ್ ಮುಖ ಊದಿಸಿಕೊಂಡು ಕೂತ. ನೆಹ್ಮತ್ ಅವನ ತೊಡೆಯ ಮೇಲೆ ಒಂದು ಟ್ಯಾಬ್ ಇಟ್ಟಳು. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು, ಮಿಕ್ಕಂತೆ ಲಕಲಕ.

"ಇದು ನಿಮಗೆ."

"ನನಗಾ?"

"ಮತ್ತಿನ್ಯಾರಿಗೆ? ಮಗಳಿಗೋಸ್ಕರ ಮೂರೂವರೆ ಗಂಟೆ ಆ ಕಬ್ಬಿಣದ ಪೆಟ್ಟಿಗೆ ಮುಂದೆ ಕೂತವರು ಊರಲ್ಲಿ ಇನ್ಯಾರಿದಾರೆ?"

ಊದಿದ ಮುಖ ಇಳಿಯಿತು. ಅಂಗಿಯ ತೋಳಿನಿಂದ ಗಾಜು ಒರೆಸಿದ, ಮತ್ತೆ ಒರೆಸಿದ. ತನಗೆಂದೇ ಯಾರಾದರೂ ಏನಾದರೂ ಕೊಂಡು ತಂದು ಎಷ್ಟು ವರ್ಷವಾಗಿತ್ತೋ ಅವನಿಗೇ ನೆನಪಿರಲಿಲ್ಲ. "ಕರೆಂಟಿಲ್ಲದೆ ಎಷ್ಟು ಹೊತ್ತು ನಡೆಯುತ್ತೆ?" ಎಂದ.

"ಏಳು ಗಂಟೆ. ಅದನ್ನೇ ನೋಡಿ ತಂದೆ. ಮುಂದಿನ ಗುರುವಾರ ಕಂಬಳಿ ಒಗೆಯೋದಿದೆ. ಸುಮ್ನೆ ಕೂತು ನಿಮಗೆ ಬೇಜಾರಾಗಬಾರದಲ್ಲ."

ಮಿಸ್ಬಾಹ್ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಉಮ್ ಬಿಲಾಲ್, ಕೈಯಲ್ಲಿ ಕಡಲೆಯ ಚಟ್ನಿಯ ದೊಡ್ಡ ಬಟ್ಟಲು. "ನಿಮ್ಮ ಋಣ ತೀರಿಸೋಕಾಗಲ್ಲ ಅಬು ಹಿಬಾ. ಗುರುವಾರ ಎರಡೂವರೆಗೇ ಅಲ್ವಾ? ಹಿಟ್ಟು ನಾದೋ ಯಂತ್ರ ತೆಗೆದಿಟ್ಕೊಳ್ಳೋಣ ಅಂತ."

ಮಿಸ್ಬಾಹ್ ಬಟ್ಟಲನ್ನು ನೋಡಿದ, ಟ್ಯಾಬ್ ನೋಡಿದ, ಮೇಜಿನ ಹತ್ತಿರ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಿದ್ದ ಮಗಳನ್ನು ನೋಡಿದ. ನೂರ ಹನ್ನೊಂದು ಅಂಕದ ನಗು ಅದು. ಆ ನಗುವಿನೆದುರು ಅವನಿಗೆ ಇಲ್ಲ ಎನ್ನಲಾಗಲಿಲ್ಲ.

"ಆಯ್ತು," ಎಂದ, ಮಹಾಮಂಡಲಾಧೀಶ್ವರನ ಗಾಂಭೀರ್ಯದಿಂದ. "ಆದರೆ ಆ ಕುರ್ಚಿ ಗಟ್ಟಿ. ಕೆಳಗೆ ಹಾಕ್ಕೊಳ್ಳೋಕೆ ಒಂದು ದಿಂಬು ಬೇಕು. ಈಗ್ಲೇ ಒಂದು ತೆಗೆದಿಡು."

"ಒಂದಾದ್ರೂ ಒಣಗಿದ್ದು ಇದ್ದರೆ ತಾನೆ?" ಎಂದಳು ನೆಹ್ಮತ್. "ಎಲ್ಲಾನೂ ಒಗೆದು ಹಾಕಿದೀನಿ ರೀ, ನಿಮ್ಮ ದಯೆಯಿಂದ."