ಮೇಷ್ಟ್ರು ಎಣಿಸಿದ ನಂಟು

ಹೊಸಪೇಟೆಯಿಂದ ಸಂಡೂರಿನವರೆಗೆ ಯಾವ ಇಬ್ಬರನ್ನು ತಂದು ನಿಲ್ಲಿಸಿದರೂ ಅವರ ನಂಟು ಹೇಳಬಲ್ಲೆ ಎಂಬುದು ನಿವೃತ್ತ ಕನ್ನಡ ಮೇಷ್ಟ್ರು ಕೊಟ್ರಬಸಪ್ಪನವರ ಘೋಷಣೆ. ಮಗಳು ಸ್ಫೂರ್ತಿಯನ್ನು ನೋಡಲು ಗಂಡಿನವರು ಬರುವ ದಿನವಾದರೂ ಪಾಠ ಬೇಡವೆಂದು ಹೆಂಡತಿ ಶೈಲಜಾ ಬೆಳಗಿನಿಂದಲೇ ಎಚ್ಚರಿಸಿದ್ದರು. ಬಂದ ಸಂಬಂಧಗಳನ್ನೆಲ್ಲ ತಳ್ಳಿಹಾಕಿದ್ದ ಹುಡುಗಿ ಈ ಹುಡುಗನನ್ನು ತಾನಾಗಿಯೇ ಒಪ್ಪಿದ್ದಳು.

ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿ, ಬಿಳಿ ಪಂಚೆಯನ್ನು ಕೆಂಪಾಗಿಸಿಕೊಂಡು, ಸಂಡೂರಿನ ಹಾಲೇಶಪ್ಪ ಮಗ ಹಂಪೇಶನೊಂದಿಗೆ ತಡವಾಗಿ ಬಂದರು. ಮಂಡಕ್ಕಿ, ಮಿರ್ಚಿ ಮುಗಿಯುವ ಮೊದಲೇ ಮೇಷ್ಟ್ರು ಶುರುಮಾಡಿದರು. ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ತಾಯಿಯ ತಮ್ಮನೂ ಮಾವ, ಹೆಂಡತಿಯ ಅಪ್ಪನೂ ಮಾವ. ಏಕೆಂದರೆ ಹಿರಿಯರು ಹೆಣ್ಣು ಕೊಟ್ಟು ತಂದದ್ದೆಲ್ಲ ಒಳಗೊಳಗೇ! ಹಾಲೇಶಪ್ಪ ಭಕ್ತಿಯಿಂದ ಕೇಳಿದರು. ಆ ಭಕ್ತಿಯೇ ಕೆಡಿಸಿತು. ಉಬ್ಬಿದ ಮೇಷ್ಟ್ರು ಅವರ ತಾಯಿಯ ತವರು ಯಾವುದೆಂದು ವಿಚಾರಿಸಿದರು. ಕಂಪ್ಲಿಯ ಗೌಡರ ಮನೆ. ಮೇಷ್ಟ್ರ ತಾಯಿಯ ತವರೂ ಅದೇ!

“ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳಾದ್ರೇನು, ನಮ್ಮವ್ವ ನಿಮ್ಮವ್ವ ಅಕ್ಕತಂಗೇರು. ನಾವಿಬ್ರೂ ಅಣ್ಣತಮ್ಮ!” ಎಂದು ದಿಗ್ವಿಜಯಿಯಂತೆ ತೊಡೆ ತಟ್ಟಿದರು.

ತಟ್ಟಿದ ಕೈ ತೊಡೆಯ ಮೇಲೆಯೇ ಉಳಿಯಿತು. ಅಣ್ಣತಮ್ಮಂದಿರ ಮಕ್ಕಳೆಂದರೆ ಅಣ್ಣತಂಗಿ. ಮದುವೆಯ ಮಾತೇ ಇಲ್ಲ. ಹಾಲೇಶಪ್ಪ ಕಚ್ಚಿದ ಮಿರ್ಚಿಯನ್ನು ತಟ್ಟೆಗಿಟ್ಟು ಎದ್ದರು. ಒಳಗಿನಿಂದ ಸ್ಫೂರ್ತಿ ಅಪ್ಪನನ್ನು ನೋಡಿದ ನೋಟಕ್ಕೆ ನಿಘಂಟು ಬೇಕಿರಲಿಲ್ಲ.

ಶೈಲಜಾ ಒಲೆ ಆರಿಸಿ ಹೊರಬಂದರು. “ಕುಂದ್ರಿ. ಎಣಿಕಿ ಇನ್ನಾ ಮುಗಿದಿಲ್ಲ. ನಮ್ಮಪ್ಪನ ಅವ್ವನೂ ಅದೇ ಮನಿ ಹೆಣ್ಣು, ಇವರವ್ವಗ ಅಕ್ಕ ಆಗ್ಬೇಕು. ಇವರ ಲೆಕ್ಕದಾಗ ನಮ್ಮಪ್ಪ ಇವರಿಗೆ ಅಣ್ಣ, ನಾನು ಮಗಳು.”

ಮೇಷ್ಟ್ರ ಇಷ್ಟು ವರ್ಷಗಳ ಸಂಸಾರ ಮಂಡಕ್ಕಿ ತಟ್ಟೆಯ ಮುಂದೆ ರದ್ದಾಯಿತು.

“ಹಂಗ ನಿಮಗೂ ನಾನು ಮಗಳ ಆದೆ,” ಎಂದು ಶೈಲಜಾ ಹಾಲೇಶಪ್ಪನವರ ಕಡೆ ತಿರುಗಿದರು. “ಹಂಪೇಶ ನನಗ ತಮ್ಮ. ಸ್ಫೂರ್ತಿಗೆ ಸೋದರಮಾವ. ಅಕ್ಕನ ಮಗಳನ್ನ ಕೇಳಾಕ ಅವನಿಗಿಂತ ಮೊದಲ ಹಕ್ಕು ಯಾರಿಗೈತಿ?”

ಹಾಲೇಶಪ್ಪ ಬೆರಳು ಮಡಚಿ ಎಣಿಸಿದರು, ಮತ್ತೆ ಬಿಡಿಸಿ ಎಣಿಸಿದರು. ಕೊನೆಗೆ ಕೂತು, ಬಿಟ್ಟ ಮಿರ್ಚಿಯನ್ನು ಕೈಗೆತ್ತಿಕೊಂಡು, ಇಂಥ ಸಂಬಂಧ ಬಿಡುವುದುಂಟೇ ಎಂದರು. ಒಳಗೆ ಸ್ಫೂರ್ತಿ ಹಿಡಿದ ಉಸಿರು ಬಿಟ್ಟಳು. ಮೇಷ್ಟ್ರು ಅದಕ್ಕಿಂತ ಉದ್ದದ್ದನ್ನು ಬಿಟ್ಟರು.

ಹಂಪೇಶ ಮೇಷ್ಟ್ರ ಕಾಲಿಗೆ ಬಗ್ಗಿದವನು ಅರ್ಧಕ್ಕೇ ನಿಂತ. “ನಿಮಗ ಏನನ್ಲಿ? ದೊಡ್ಡಪ್ಪನೋ, ಭಾವನೋ, ಮಾವನೋ?”

ಪಾಠಕ್ಕೆ ಇಂಥ ಪ್ರಶ್ನೆ ಜನ್ಮಕ್ಕೊಮ್ಮೆ ಸಿಗುತ್ತದೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಶೈಲಜಾ ಅವರನ್ನೇ ನೋಡುತ್ತಿದ್ದರು.

“ನಿಮ್ಮ ಅಕ್ಕನ್ನ ಕೇಳಪಾ,” ಎಂದರು ಮೇಷ್ಟ್ರು.